ಡಬ್ಬಿಯೊಳಗಿನ ಅಕ್ಷರ

"ನೀವು ಕಳಿಸಿದ್ದು ಮೆಸೇಜು ಅಂತ ಗೊತ್ತೇ ಆಗ್ಲಿಲ್ಲ ಟೀಚರ್. ಬರೀ ಡಬ್ಬಿ ಡಬ್ಬಿ ಕಾಣ್ತಿತ್ತು. ಯಾವುದೋ ಕಂಪನಿಯವರದ್ದು ಅಂದ್ಕೊಂಡೆ" ಎಂದು ಆ ತಾಯಿ ತಮ್ಮ ಪುಟ್ಟ ಫೋನನ್ನು ನನ್ನ ಮುಂದೆ ಹಿಡಿದರು. ನಿಜ. ತೆರೆಯ ಮೇಲೆ ಸಾಲಾಗಿ ಚೌಕಗಳು. ಬೊಂಬೆ ಹಬ್ಬದಲ್ಲಿ ಜೋಡಿಸಿಟ್ಟ ಖಾಲಿ ಪೆಟ್ಟಿಗೆಗಳ ಹಾಗೆ ಒಂದರ ಪಕ್ಕ ಒಂದು. ಆ ಪೆಟ್ಟಿಗೆಗಳೊಳಗೆ ನಾನು ಬರೆದ ಕನ್ನಡವಿತ್ತು: ವಿದ್ಯಾರ್ಥಿವೇತನದ ಅರ್ಜಿಗೆ ಶನಿವಾರ ಕಡೆಯ ದಿನ, ಮರೆಯದೆ ಬನ್ನಿ.

ಅವರು ಬಂದದ್ದು ಮಂಗಳವಾರ.

ಇದು 2012ರ ಜುಲೈ ತಿಂಗಳ ಮಾತು. ಜಯನಗರದ ನಮ್ಮ ಕನ್ನಡ ಮಾಧ್ಯಮದ ಶಾಲೆಗೆ ಆ ವರ್ಷವಷ್ಟೇ ತಂದೆತಾಯಿಯರ ಮೊಬೈಲಿಗೆ ಒಟ್ಟಿಗೇ ಸಂದೇಶ ಕಳಿಸುವ ಏರ್ಪಾಡು ಬಂದಿತ್ತು. ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಒಂದು ಸಂದೇಶಕ್ಕೆ 160 ಅಕ್ಷರ ಹಿಡಿಸುತ್ತದೆ, ಕನ್ನಡದಲ್ಲಾದರೆ 70 ಮಾತ್ರ. ಗುಣಿತದ ಗುರುತು, ಒತ್ತು ಎಲ್ಲವೂ ಬೇರೆ ಬೇರೆ ಲೆಕ್ಕ. ಹೀಗಾಗಿ ಕನ್ನಡದ ಒಂದು ಮಾತಿಗೆ ಎರಡು ಮೂರು ಸಂದೇಶದ ದುಡ್ಡು. "ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆದು ಕಳಿಸಿಬಿಡಿ" ಎಂದು ಮುಖ್ಯೋಪಾಧ್ಯಾಯಿನಿ ಹೇಳಿದ್ದರು. ಕನ್ನಡ ಶಾಲೆಯಿಂದ ಕನ್ನಡದ ತಾಯಂದಿರಿಗೆ ಕನ್ನಡದಲ್ಲೇ ಹೋಗಬೇಕೆಂದು ಹಟ ಹಿಡಿದವಳು ನಾನು. ನನ್ನ ಫೋನಿನಲ್ಲಿ ನೋಡಿಕೊಂಡಿದ್ದೆ, ಅಕ್ಷರ ಮುದ್ದಾಗಿ ಬಂದಿತ್ತು. ಎಲ್ಲರ ಫೋನೂ ನನ್ನ ಫೋನಿನಂತೆಯೇ ಎಂದುಕೊಂಡೆ.

ಆ ತಾಯಿ ಬೊಮ್ಮನಹಳ್ಳಿ ಕಡೆಯ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆಗೆ ಹೋಗುತ್ತಿದ್ದರು. ಮಗಳು ಎಂಟನೆಯ ತರಗತಿ, ಓದಿನಲ್ಲಿ ಚುರುಕು. ವೇತನ ಕೊಡುವ ಟ್ರಸ್ಟಿನವರನ್ನು ನಾನೇ ಹೋಗಿ ಕೇಳಿದೆ. ದಿನ ಮುಗಿಯಿತು ಎಂದರು, ಅವರದೇನೂ ತಪ್ಪಿಲ್ಲ. ಆ ವರ್ಷದ ಪುಸ್ತಕ, ಸಮವಸ್ತ್ರ, ಬಸ್ ಪಾಸಿಗಾಗಿ ತಾಯಿಯ ಕಿವಿಯೋಲೆ ಗಿರವಿ ಅಂಗಡಿ ಸೇರಿತು. ಮುಂದಿನ ಸಭೆಗೆ ಅವರು ಬಂದಾಗ ಕಿವಿಯಲ್ಲಿ ಕಡ್ಡಿ ಇತ್ತು. ನಾನು ಅವರ ಮುಖ ನೋಡದೆ ಅಂಕಪಟ್ಟಿಗೆ ಸಹಿ ಹಾಕಿಸಿಕೊಂಡೆ.

ನನ್ನ ತಂಗಿಯ ಮಗಳು ಬಿ.ಟಿ.ಎಂ. ಬಡಾವಣೆಯ ಒಂದು ಆಫೀಸಿನಲ್ಲಿ ಮೊಬೈಲಿಗೆ ಆಪ್ ಬರೆಯುವ ಕೆಲಸದಲ್ಲಿದ್ದಾಳೆ. (ಬಿ.ಟಿ.ಎಂ. ಎಂದರೆ ಬೈರಸಂದ್ರ, ತಾವರೆಕೆರೆ, ಮಡಿವಾಳ. ಮೂರು ಊರು ಮೂರು ಇಂಗ್ಲಿಷ್ ಅಕ್ಷರದೊಳಗೆ ಅಡಗಿ ಕೂತಿವೆ, ಅಲ್ಲಿರುವ ಎಷ್ಟೋ ಮಂದಿಗೆ ಅದು ಗೊತ್ತಿಲ್ಲ.) ಅವಳನ್ನು ಕೇಳಿದೆ, "ಆ ಡಬ್ಬಿ ಯಾಕೆ ಬಂತೇ?" ಎಂದು. "ದೊಡ್ಡಮ್ಮ, ನಿಮ್ಮ ಸಂದೇಶ ಸರಿಯಾಗೇ ಹೋಗಿದೆ. ಫೋನಿಗೆ ಅಕ್ಷರದ ನಂಬರು ಬಂದು ತಲುಪಿದೆ. ಆದರೆ ಆ ನಂಬರಿನ ಅಕ್ಷರ ಹೇಗಿರುತ್ತೆ ಅನ್ನೋ ಚಿತ್ರ ಅದರ ಹತ್ತಿರ ಇಲ್ಲ. ಅದಕ್ಕೇ ಖಾಲಿ ಚೌಕ ಬರೆದು ಸುಮ್ಮನಾಗಿದೆ" ಎಂದಳು. ಹಾಜರಿ ಪುಸ್ತಕದಲ್ಲಿ ಕ್ರಮಸಂಖ್ಯೆ ಇದೆ, ಮಗುವಿನ ಮುಖವೇ ಗೊತ್ತಿಲ್ಲ, ಹಾಗೆ. ಅಂದಿನಿಂದ ಆ ನಂಬರು, ಆ ಚಿತ್ರ ಇವು ಕನ್ನಡಕ್ಕೆ ಎಲ್ಲಿಂದ ಬಂದವು ಎಂದು ತಿಳಿಯುವ ಗೀಳು ನನಗೆ ಹಿಡಿಯಿತು. ನಾನು ಸಮಾಜ ವಿಜ್ಞಾನ ಮತ್ತು ಕನ್ನಡ ಪಾಠ ಮಾಡುವವಳು, ಗಣಕ ಓದಿದವಳಲ್ಲ. ತಿಳಿದಷ್ಟನ್ನು ಬರೆಯುತ್ತೇನೆ.

ನಮ್ಮ ಅಕ್ಷರ ಯಂತ್ರಕ್ಕೆ ಸುಲಭವಾಗಿ ಒಗ್ಗಿದ್ದಲ್ಲ. ಒಂದು ದಿನ ಒಂಬತ್ತನೆಯ ತರಗತಿಯ ಹುಡುಗಿಯರಿಂದ ಕರಿಹಲಗೆಯ ಮೇಲೆ ಲೆಕ್ಕ ಹಾಕಿಸಿದೆ. 34 ವ್ಯಂಜನ, 13 ಸ್ವರ. ಕಾಗುಣಿತವೇ 442. ಒಂದು ಒತ್ತು ಸೇರಿಸಿದರೆ 34ನ್ನು 34ರಿಂದ ಗುಣಿಸಿ ಮತ್ತೆ 13ರಿಂದ ಗುಣಿಸಬೇಕು, 15,028. ಎಲ್ಲವೂ ಬಳಕೆಯಲ್ಲಿಲ್ಲ ನಿಜ. ಆದರೆ ಯಾವುದು ಯಾವಾಗ ಬೇಕಾಗುತ್ತದೋ ಬಲ್ಲವರಾರು? ಇಂಗ್ಲಿಷಿನವರು 26 ಅಕ್ಷರ ಎರಡು ರೂಪದಲ್ಲಿ ಇಟ್ಟುಕೊಂಡು ಲೋಕವನ್ನೇ ಆಳಿದರು. 1843ರಲ್ಲಿ ಮೊಗ್ಲಿಂಗ್ ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದಾಗ ಅದನ್ನು ಕಲ್ಲಚ್ಚಿನಲ್ಲಿ ತೆಗೆದರು. ಬರೆದದ್ದು ಬರೆದಂತೆ ಕಲ್ಲಿನಿಂದ ಕಾಗದಕ್ಕೆ ಇಳಿಯುವಾಗ ಒತ್ತಿನ ಜಗಳವೇ ಇಲ್ಲ. ಆಮೇಲೆ ಬಂದ ಅಚ್ಚಿನ ಮೊಳೆಗಳಲ್ಲಿ ಒತ್ತಿಗೊಂದು, ಕೊಂಬಿಗೊಂದು, ದೀರ್ಘಕ್ಕೊಂದು ಬೇರೆ ಮೊಳೆ. ಅನಂತಸುಬ್ಬರಾಯರು ಕನ್ನಡಕ್ಕೆ ಬೆರಳಚ್ಚು ಯಂತ್ರದ ಕೀಲಿಮಣೆಯನ್ನು ಹೊಂದಿಸಿದಾಗಲೂ ದಾರಿ ಅದೇ, ಅಕ್ಷರವನ್ನು ತುಂಡು ಮಾಡಿ ಬೆರಳ ತುದಿಯಲ್ಲಿ ಜೋಡಿಸುವುದು. ತಾಲ್ಲೂಕು ಕಛೇರಿಗಳಲ್ಲಿ ಟಕಟಕ ಎನ್ನುತ್ತಿದ್ದ ಆ ಯಂತ್ರಗಳನ್ನು ನೀವೂ ನೋಡಿರುತ್ತೀರಿ.

ಈ ಜೋಡಿಸುವ ಕಷ್ಟವನ್ನು ಮನುಷ್ಯರ ಬೆರಳಿನಿಂದ ಇಳಿಸಿ ಯಂತ್ರದ ತಲೆಗೆ ಕಟ್ಟಿದವರು ಕಿನ್ನಿಕಂಬಳ ಪದ್ಮನಾಭ ರಾವ್, ನಾವೆಲ್ಲ ಕೆ.ಪಿ. ರಾವ್ ಎಂದು ಕರೆಯುವವರು. ದಕ್ಷಿಣ ಕನ್ನಡದವರು, ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ, ಆಮೇಲೆ ಅಚ್ಚಕ್ಷರದ ಮೋನೋಟೈಪ್ ಕಂಪನಿಯಲ್ಲಿ ದುಡಿದವರು. ಅವರ ಉಪಾಯ ನಮ್ಮ ಒಂದನೆಯ ತರಗತಿಯ ಪಾಠದಷ್ಟೇ ಸರಳ. ಆಕಾರವನ್ನು ಒತ್ತಬೇಡಿ, ಧ್ವನಿಯನ್ನು ಒತ್ತಿ ಎಂದರು. 'ಅಮ್ಮ' ಬೇಕೆಂದರೆ ಅ, ಮ, ಕೂಡಿಸುವ ಒಂದು ಕೀಲಿ, ಮತ್ತೆ ಮ. ನಾಲ್ಕೇ ಏಟು. ಮಕಾರದ ಕೆಳಗೆ ಒತ್ತು ಎಲ್ಲಿ ಕೂರಬೇಕೆನ್ನುವುದು ಯಂತ್ರದ ಕೆಲಸ. ಇಂಗ್ಲಿಷಿನ ಸಾಮಾನ್ಯ ಕೀಲಿಮಣೆಯ ಇಪ್ಪತ್ತಾರು ಕೀಲಿಗಳೇ ಸಾಕು. ತಮ್ಮ ತಂತ್ರಾಂಶಕ್ಕೆ ಅವರು ಸೇಡಿಯಾಪು ಕೃಷ್ಣಭಟ್ಟರ ಹೆಸರಿಟ್ಟು ಹಾಗೇ ಹಂಚಿದರು. ಮುಂದೆ ರಾಜ್ಯ ಸರ್ಕಾರ ಒಪ್ಪಿದ ಕೀಲಿಮಣೆಗೂ ಇವರ ವಿನ್ಯಾಸವೇ ತಳಹದಿ. ಗಂಡಸರ ಹೆಸರಿನ ಪಟ್ಟಿಯೇ ಬರುತ್ತಿದೆಯಲ್ಲ ಎಂದು ನೀವು ಕೇಳಬಹುದು. ನಾನೂ ಕೇಳಿಕೊಂಡೆ. ಡಿ.ಟಿ.ಪಿ. ಅಂಗಡಿಗಳಲ್ಲಿ ಆ ಕೀಲಿಗಳನ್ನು ಹಗಲಿಡೀ ಒತ್ತಿದವರಲ್ಲಿ ಹೆಣ್ಣುಮಕ್ಕಳು ಎಷ್ಟೊಂದು ಜನ, ಅವರ ಹೆಸರನ್ನು ಯಾರೂ ಬರೆದಿಟ್ಟಿಲ್ಲ.

ಅಂಥ ಒಂದು ಅಂಗಡಿ ನಾಲ್ಕನೆಯ ಬ್ಲಾಕಿನ ಕಾಂಪ್ಲೆಕ್ಸಿನ ಹತ್ತಿರವಿತ್ತು. 2003ರಲ್ಲಿ ನಮ್ಮ ಶಾಲೆಯ ವಾರ್ಷಿಕ ಸಂಚಿಕೆಯನ್ನು ಅಲ್ಲಿ ಕೂರಿಸಿ, ಕರಡು ತಿದ್ದಿ, ಫ್ಲಾಪಿಯಲ್ಲಿ ಹಾಕಿಸಿಕೊಂಡು ಬೇರೊಂದು ಮುದ್ರಣಾಲಯಕ್ಕೆ ಒಯ್ದೆ. ಅಲ್ಲಿ ತೆರೆದರೆ ಏನಿದೆ? 'ಕನ್ನಡ' ಎಂದಿದ್ದ ಕಡೆ ಇಂಗ್ಲಿಷಿನ ಪಿ, ತಲೆಯ ಮೇಲೆ ಓರೆಗೆರೆ ಹೊತ್ತ ಎ, ಪೌಂಡಿನ ಗುರುತು, ಮತ್ತೆ ಅದೇ ಎ, ಜರ್ಮನರ ಒಂದು ಅಕ್ಷರ, ಕ್ಯೂ, ಕೊನೆಗೊಂದು ಎ. ನಲವತ್ತು ಪುಟ ಹೀಗೇ. ಯಾರೋ ಮಾಟ ಮಾಡಿದ ಹಾಗಿತ್ತು. ಆ ಕಾಲದ ಕನ್ನಡ ತಂತ್ರಾಂಶಗಳು ಮಾಡುತ್ತಿದ್ದುದು ಒಂದು ವೇಷ. ಕಂಪ್ಯೂಟರಿನ ಹೊಟ್ಟೆಯೊಳಗೆ ಇಂಗ್ಲಿಷ್ ಅಕ್ಷರಗಳೇ, ಮೇಲೆ ಕನ್ನಡದ ಫಾಂಟು ಹೊದಿಸಿದಾಗ ಕನ್ನಡದಂತೆ ಕಾಣುತ್ತಿದ್ದವು. ಹೊದಿಕೆ ಇಲ್ಲದ ಕಂಪ್ಯೂಟರಿಗೆ ಹೋದರೆ ಒಳಗಿನದು ಹೊರಬೀಳುತ್ತಿತ್ತು. ಇಷ್ಟಿದ್ದರೂ ಆ ವೇಷವನ್ನು ನಾನು ಹಳಿಯಲಾರೆ. 1996ರಲ್ಲಿ ಯು.ಬಿ. ಪವನಜರು ಅಂತರಜಾಲದಲ್ಲಿ 'ವಿಶ್ವಕನ್ನಡ' ಪತ್ರಿಕೆಯನ್ನು ತಂದದ್ದು ಆ ಕಾಲದಲ್ಲೇ. (ಮಕ್ಕಳು ಕನ್ನಡದಲ್ಲೇ ಆಜ್ಞೆ ಕೊಟ್ಟು ಕಲಿಯುವಂತೆ ಅವರು ಮಾಡಿದ ಕನ್ನಡದ 'ಲೋಗೋ' ಪ್ರತಿ ಶಾಲೆಗೂ ಹೋಗಬೇಕಿತ್ತು ಎಂಬುದು ಟೀಚರಾಗಿ ನನ್ನ ಹೊಟ್ಟೆಯುರಿ.) 1998ರಲ್ಲಿ ಅಮೆರಿಕದಲ್ಲಿದ್ದ ಶೇಷಾದ್ರಿವಾಸು 'ಬರಹ'ವನ್ನು ಬಿಟ್ಟಿಯಾಗಿ ಕೊಟ್ಟಾಗ ಹೊರನಾಡಿನ ಮಕ್ಕಳು ತಾಯಂದಿರಿಗೆ ಕನ್ನಡದಲ್ಲಿ ಕಾಗದ ಬರೆದರು. ಕನ್ನಡ ಗಣಕ ಪರಿಷತ್ತಿನ 'ನುಡಿ' ಸರ್ಕಾರಿ ಕಛೇರಿಗಳಿಗೆ ಬಂತು. ಮೂಡಿಗೆರೆಯ ತೋಟದಲ್ಲಿದ್ದುಕೊಂಡೇ ಪೂರ್ಣಚಂದ್ರ ತೇಜಸ್ವಿಯವರು ಕನ್ನಡದ ತಂತ್ರಾಂಶ ಸಾಲದು ಎಂದು ಜಗಳ ತೆಗೆದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯದ 'ಕುವೆಂಪು ತಂತ್ರಾಂಶ'ದ ಹಿಂದೆ ಅವರ ಒತ್ತಾಸೆಯಿತ್ತು. ನಮ್ಮ ಸಂಚಿಕೆಯ ಕಥೆ ಕೇಳಿದಿರಾ? ಡಿ.ಟಿ.ಪಿ. ಅಂಗಡಿಯ ಹುಡುಗಿಯೇ ಫಾಂಟಿನ ಫ್ಲಾಪಿ ಹಿಡಿದು ನನ್ನ ಜೊತೆ ಆಟೋದಲ್ಲಿ ಬಂದಳು. ಐದು ನಿಮಿಷದಲ್ಲಿ ಮಾಟ ಬಿಟ್ಟಿತು.

ವೇಷವಲ್ಲದ ದಾರಿಯೊಂದು ಅಷ್ಟು ಹೊತ್ತಿಗೆ ಆಗಲೇ ತಯಾರಿತ್ತು. ಲೋಕದ ಎಲ್ಲ ಲಿಪಿಗಳ ಪ್ರತಿ ಅಕ್ಷರಕ್ಕೂ ಅದರದೇ ನಂಬರು ಕೊಡುವ ಯುನಿಕೋಡ್ 1991ರಲ್ಲಿ ಹೊರಬಂದಾಗಲೇ ಅದರಲ್ಲಿ ಕನ್ನಡಕ್ಕೆ 128 ಮನೆಗಳ ಒಂದು ಬೀದಿ ಸಿಕ್ಕಿತ್ತು. ಹದಿನೈದು ಸಾವಿರ ಮನೆ ಬೇಕಿಲ್ಲ, ಕೆ.ಪಿ. ರಾಯರ ಉಪಾಯದಂತೆ ಮೂಲ ಧ್ವನಿಗಳಿಗೆ ಮಾತ್ರ ನಂಬರು, ಉಳಿದದ್ದು ಜೋಡಣೆ. ಬೀದಿ ಸಿಕ್ಕಿದರೂ ವಾಸಕ್ಕೆ ಹೋಗಲು ಹತ್ತು ವರ್ಷ ಹಿಡಿಯಿತು. 2001ರ ವಿಂಡೋಸ್ ಎಕ್ಸ್‌ಪಿ ಜೊತೆಗೆ ಕನ್ನಡದ ಫಾಂಟೊಂದು ಬಂತು, ಹೆಸರು 'ತುಂಗಾ'. ಅಮೆರಿಕದ ಕಂಪನಿಯ ಡಬ್ಬಿಯೊಳಗೆ ನಮ್ಮ ಶೃಂಗೇರಿಯ ಹೊಳೆ! ರಾಜ್ಯ ಸರ್ಕಾರ ಯುನಿಕೋಡನ್ನು ಶಿಷ್ಟತೆಯೆಂದು ಒಪ್ಪಿದ್ದು 2012ರಲ್ಲಿ. ಆಂಡ್ರಾಯ್ಡ್ ಫೋನುಗಳ 4.1ನೆಯ ಆವೃತ್ತಿಯಲ್ಲಿ ಕನ್ನಡದ ಅಕ್ಷರ ಸೇರಿದ್ದೂ ಅದೇ 2012ರ ಮಧ್ಯದಲ್ಲಿ. ಅದು ಹೊಸ ಫೋನು ಕೊಂಡವರಿಗೆ. ನನ್ನ ವಿದ್ಯಾರ್ಥಿನಿಯ ತಾಯಿಯ ಬಟನ್ ಫೋನಿಗೆ ಆ ಸುದ್ದಿ ಹೇಗೆ ಮುಟ್ಟಬೇಕು?

ನಂಬರು ಸಿಕ್ಕಿತು, ಚಿತ್ರವೂ ಸಿಕ್ಕಿತು, ಕಷ್ಟ ಮುಗಿಯಿತೇ? 'ರ‍್ಯಾಂಕ್' ಎಂದು ಬರೆಯಲು ಹೋಗಿ ನೋಡಿ. ರಕಾರ ಮುಂದೆ, ಯಕಾರ ಅದರ ಒತ್ತಾಗಿ ನಮಗೆ ಬೇಕು. ಕಂಪ್ಯೂಟರು ಮಾತ್ರ ರಕಾರ ಮೊದಲು ಬಂತೆಂದರೆ ಅರ್ಕಾವತ್ತೇ ಸರಿ ಎಂದು 'ಸೂರ್ಯ'ನ ಹಾಗೆ ಬರೆದು 'ರ್ಯಾಂಕ್' ಎಂದಿಡುತ್ತದೆ. ನಡುವೆ ಕಣ್ಣಿಗೆ ಕಾಣದ ಒಂದು ಕೊಂಡಿಯನ್ನು ಸೇರಿಸಿದರೆ ಸರಿಹೋಗುತ್ತದೆ. ಕಾಣದ ಅಕ್ಷರವನ್ನು ಮಕ್ಕಳಿಗೆ ಕಲಿಸುವುದು ಹೇಗೆಂದು ನನಗೆ ಇವತ್ತಿಗೂ ತಿಳಿದಿಲ್ಲ.

2020ರಲ್ಲಿ ಕೊರೋನಾ ಬಂದು ಶಾಲೆ ಮುಚ್ಚಿತು. ನಮ್ಮ ಆಡಳಿತದವರು ಒಂದು ಆಪ್ ತರಿಸಿದರು. ಪಾಠ, ಹೋಂವರ್ಕು, ಹಾಜರಿ ಎಲ್ಲ ಅದರಲ್ಲೇ. ಮಾಡಿಕೊಟ್ಟವರ ಹೆಸರು ಬೇಡ. ಇಂಗ್ಲಿಷಿನಲ್ಲಿ ಚೆನ್ನಾಗಿಯೇ ಇತ್ತು, ಕನ್ನಡಕ್ಕೆ ತಿರುಗಿಸಿದೊಡನೆ ಒತ್ತಕ್ಷರಗಳೆಲ್ಲ ಮಾಯ. 'ಅಮ್ಮ' ಹೋಗಿ 'ಅಮ', 'ಹತ್ತು' ಹೋಗಿ 'ಹತು', 'ಕನ್ನಡ'ವೇ 'ಕನಡ'. ಒಂದನೆಯ ತರಗತಿಯ ಮಕ್ಕಳು ಅದನ್ನೇ ಸರಿ ಎಂದುಕೊಂಡು ಬರೆದು ಕಳಿಸಿದರು! ತಂಗಿಯ ಮಗಳು ಆಗ ಮನೆಯಿಂದಲೇ ಕೆಲಸ ಮಾಡುತ್ತಿದ್ದಳು, ಅವಳಿಗೆ ತೋರಿಸಿದೆ. "ಸಾಲಿನ ಎತ್ತರಾನ ಇಂಗ್ಲಿಷಿಗೆ ಅಳೆದು ಗಟ್ಟಿ ಮಾಡಿಬಿಟ್ಟಿದ್ದಾರೆ ದೊಡ್ಡಮ್ಮ. ಇಂಗ್ಲಿಷಿನಲ್ಲಿ ಗೆರೆಯ ಕೆಳಗೆ ಇಳಿಯೋದು ಬಾಲ ಮಾತ್ರ, ನಮ್ಮಲ್ಲಿ ಪೂರಾ ಅಕ್ಷರಾನೇ ಕೆಳಗೆ ನೇತಾಡುತ್ತೆ. ಜಾಗ ಇಲ್ದೆ ಕತ್ತರಿಸಿ ಹೋಗಿದೆ" ಎಂದಳು. ಎತ್ತರವನ್ನು ಅಕ್ಷರವೇ ನಿರ್ಧರಿಸಲು ಬಿಟ್ಟರೆ ಸಾಕಂತೆ. ಲಂಗಕ್ಕೆ ಅಳತೆ ತೆಗೆಯದೆ ಫ್ರಾಕಿನ ಅಳತೆಗೆ ಬಟ್ಟೆ ಕತ್ತರಿಸಿದಂತೆ.

ಹಾಜರಿ ಪಟ್ಟಿಯಲ್ಲಿ ಇನ್ನೊಂದು ವಿಚಿತ್ರ. ನನ್ನ ತರಗತಿಯ ಕಾಳೇಶ್ವರಿ, ಕಾವ್ಯಳಿಗಿಂತ ಮುಂದೆ ಬಂದು ಕೂತಿದ್ದಳು. ಅಕಾರಾದಿಯಲ್ಲಿ ವ ಮೊದಲು, ಳ ಎಲ್ಲಕ್ಕಿಂತ ಕಡೆ, ಇದು ನಮ್ಮ ಅಜ್ಜಿಗೂ ಗೊತ್ತು. ಯುನಿಕೋಡಿನ ಬೀದಿಯಲ್ಲಿ ಮಾತ್ರ ಳ ಇರುವುದು ಲ ಆದ ಮೇಲೆ, ವ ಬರುವ ಮುಂಚೆ. ಭಾರತದ ಲಿಪಿಗಳಿಗೆಲ್ಲ ಒಂದೇ ನಕ್ಷೆ ಹಿಡಿದು ಮನೆ ಹಂಚಿದ್ದರಿಂದ ಹೀಗಾಗಿದೆ. ಬರೇ ಮನೆ ನಂಬರು ನೋಡಿ ಸಾಲು ನಿಲ್ಲಿಸಿದರೆ ಕಾಳೇಶ್ವರಿ ಮುಂದೆ. ಕನ್ನಡದ ಅಕಾರಾದಿ ನಿಯಮವನ್ನು ಬೇರೆಯಾಗಿ ಬರೆದಿಟ್ಟಿದ್ದಾರೆ, ಆಪ್ ಬರೆಯುವವರು ಅದನ್ನು ಕರೆಯಬೇಕು ಅಷ್ಟೆ. ಇನ್ನು ಭಾಷಾಂತರದ ಮಾತು ಕೇಳಬೇಡಿ. ಆಪಿನ ಮೊದಲ ಪುಟಕ್ಕೆ ಮರಳುವ ಗುಂಡಿಗೆ ಇಂಗ್ಲಿಷಿನ 'ಹೋಮ್' ನೋಡಿ 'ಮನೆ' ಎಂದು ಬರೆದಿದ್ದರು. ಒಬ್ಬ ತಾಯಿ, ಮನೆಪಾಠ ಅಲ್ಲಿ ಸಿಗುತ್ತದೆಂದು ಒತ್ತಿ ಒತ್ತಿ ಸೋತು ನನಗೆ ಫೋನು ಮಾಡಿದರು. ಎಲ್ಲಕ್ಕಿಂತ ದೊಡ್ಡ ತೊಂದರೆ, ಮನೆಗೊಂದೇ ಫೋನು, ಅದೂ ಅಪ್ಪನ ಜೇಬಿನಲ್ಲಿ. ರಾತ್ರಿ ಒಂಬತ್ತಕ್ಕೆ ಅಪ್ಪ ಬಂದ ಮೇಲೆ ತೆರೆದರೆ ಸಿಗ್ನಲ್ಲು ಇಲ್ಲ, ಸಿಗ್ನಲ್ಲು ಇಲ್ಲದೆ ಆಪ್ ತೆರೆಯುವುದೇ ಇಲ್ಲ. ಒಮ್ಮೆ ಬಂದ ಪಾಠವನ್ನು ಫೋನಿನಲ್ಲೇ ಇಟ್ಟುಕೊಳ್ಳುವಂತೆ ಮಾಡಬಹುದಂತೆ.

ಇವನ್ನೆಲ್ಲ ತಂಗಿಯ ಮಗಳು ಅವರ ಭಾಷೆಯಲ್ಲಿ ಬರೆದುಕೊಟ್ಟಳು, ನಾನು ಸಹಿ ಹಾಕಿ ಕಳಿಸಿದೆ. ಎರಡು ತಿಂಗಳಲ್ಲಿ ಒತ್ತಕ್ಷರಗಳು ವಾಪಸು ಬಂದವು. 'ಮನೆ' ಹೋಗಿ 'ಮುಖಪುಟ' ಆಯಿತು. ಪಾಠವನ್ನು ಇಳಿಸಿಟ್ಟುಕೊಳ್ಳಲು ಬಂತು. ಕಾಳೇಶ್ವರಿ ಹತ್ತನೆಯ ತರಗತಿ ಮುಗಿಸಿ ಹೋಗುವ ತನಕವೂ ಕಾವ್ಯಳ ಮುಂದೆಯೇ ಇದ್ದಳು. ಅವಳಿಗೆ ಅದರಿಂದ ಖುಷಿಯೇ ಆಗಿತ್ತು, ಬಿಡಿ.

ಇಷ್ಟು ದೂರಿದ ಮೇಲೆ ಒಂದು ಒಳ್ಳೆಯದನ್ನೂ ಹೇಳಬೇಕು, ಅದೂ ನಮ್ಮ ಪಕ್ಕದ ಬಡಾವಣೆಯದು. ಜಯನಗರದವರಿಗೆ ನಿಘಂಟು ಎಂದರೆ ಜಿ. ವೆಂಕಟಸುಬ್ಬಯ್ಯನವರು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟಿನ ಹಿಂದೆ ದುಡಿದು, 107 ವರ್ಷ ಬದುಕಿ, 2021ರ ಏಪ್ರಿಲ್‌ನಲ್ಲಿ ತೀರಿಕೊಂಡ ಹಿರಿಯರು ನಮ್ಮ ಬಡಾವಣೆಯಲ್ಲೇ ಇದ್ದರು ಎಂಬುದು ನಮಗೊಂದು ಹೆಮ್ಮೆ. ಆ ಸಂಪುಟಗಳು ನಮ್ಮ ಶಾಲೆಯ ಬೀರುವಿನಲ್ಲಿವೆ, ಬೀಗದೊಳಗೆ. 2019ರಲ್ಲಿ 'ಅಲರ್' ಎಂಬ ಕನ್ನಡ-ಇಂಗ್ಲಿಷ್ ನಿಘಂಟು ಅಂತರಜಾಲದಲ್ಲಿ ಬಂತು. ವಿ. ಕೃಷ್ಣ ಎನ್ನುವವರು ದಶಕಗಳ ಕಾಲ ಒಬ್ಬರೇ ಕೂತು ಸೇರಿಸಿದ ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳು. ಅದನ್ನು ಅಂತರಜಾಲಕ್ಕೆ ತಂದವರು ಜೆ.ಪಿ. ನಗರದಲ್ಲಿ ಷೇರು ವ್ಯವಹಾರ ನಡೆಸುವ ಜೆರೋಧಾ ಸಂಸ್ಥೆಯ ತಂತ್ರಜ್ಞ ಕೈಲಾಶ್ ನಾಧ್. ಮಲಯಾಳಂಗೆ 'ಓಳಂ' ಎಂಬ ನಿಘಂಟನ್ನು ಮೊದಲೇ ಕಟ್ಟಿದ್ದವರು. ಪದಗಳನ್ನೆಲ್ಲ ಯಾರು ಬೇಕಾದರೂ ತೆಗೆದುಕೊಂಡು ಬಳಸಬಹುದು ಎಂದು ತೆರೆದೇ ಇಟ್ಟಿದ್ದಾರೆ.

ಅದರ ಹುಡುಕುವ ಬಗೆಯೇ ನನಗೆ ಬಹಳ ಹಿಡಿಸಿದ್ದು. ಪದವನ್ನು ಅಕ್ಷರಕ್ಕಕ್ಷರ ತಾಳೆ ನೋಡಿ ಇಲ್ಲವೆಂದು ಕೈಯಾಡಿಸುವ ಬದಲು ಅದು ಪದದ ಉಚ್ಚಾರಣೆಗೆ ಒಂದು ಗುರುತು ಕಟ್ಟಿ, ಅದೇ ಗುರುತಿನ ಪದಗಳನ್ನು ಹುಡುಕುತ್ತದೆ. ಅಲ್ಪಪ್ರಾಣ ಮಹಾಪ್ರಾಣ, ಶ ಷ ಇಂಥ ಗೊಂದಲದಲ್ಲಿ ಸಿಕ್ಕವರನ್ನು ಅದು ಬಾಗಿಲಲ್ಲೇ ನಿಲ್ಲಿಸುವುದಿಲ್ಲ.

ಆ ಹುಡುಗಿಯ ಕಥೆ ನಿಮಗೆ ಬೇಕಿದ್ದೀತು. ಪಿ.ಯು.ಸಿ. ಮುಗಿಸಿ, ಬಿ.ಕಾಂ. ಮಾಡಿ, ಈಗ ಬನಶಂಕರಿಯ ಒಬ್ಬ ಲೆಕ್ಕಪರಿಶೋಧಕರ ಆಫೀಸಿನಲ್ಲಿದ್ದಾಳೆ. ಅವಳಿಗೆ ಆಮೇಲೆ ಬೇರೆ ಕಡೆಯಿಂದ ವೇತನ ಸಿಕ್ಕಿತು. ಓಲೆ ಮಾತ್ರ ಬಿಡಿಸಿಕೊಳ್ಳಲಾಗದೆ ಬಡ್ಡಿಯಲ್ಲಿ ಮುಳುಗಿತಂತೆ, ಇದನ್ನು ನನಗೆ ಹೇಳಿದ್ದು ಹೋದ ವರ್ಷ. ತಾಯಿಗೆ ಮಗಳು ದೊಡ್ಡ ಫೋನು ಕೊಡಿಸಿದ್ದಾಳೆ. ಯುಗಾದಿಗೆ ಅವರಿಂದಲೇ ನನಗೆ ಕನ್ನಡದಲ್ಲಿ ಸಂದೇಶ ಬಂತು. ಒತ್ತು, ದೀರ್ಘ ಎಲ್ಲ ನೆಟ್ಟಗೆ ಇದ್ದವು. ಕೂಡಲೇ ಫೋನು ಮಾಡಿ, "ನೀವೇ ಬರೆದಿರಾ?" ಎಂದೆ. "ಇಲ್ಲ ಟೀಚರ್, ಬಾಯಲ್ಲಿ ಹೇಳಿದೆ, ಅದೇ ಬರ್ಕೊಳ್ತು" ಎಂದರು.

ಅಲರ್ ಅನ್ನು ತರಗತಿಯಲ್ಲಿ ತೋರಿಸಿದ ದಿನ ಒಬ್ಬಳು ಬೇಕೆಂದೇ 'ಬಾಶೆ' ಎಂದು ಬರೆದಳು. ನಿಘಂಟು ಬೈಯದೆ 'ಭಾಷೆ'ಯನ್ನು ತಂದು ಮುಂದಿಟ್ಟಿತು. ಹುಡುಗಿಯರೆಲ್ಲ ಒಂದೇ ದನಿಯಲ್ಲಿ, "ಮಿಸ್, ಇನ್ಮೇಲೆ ಉಕ್ತಲೇಖನ ಯಾಕೆ?" ಎಂದರು. ಉತ್ತರ ತಕ್ಷಣಕ್ಕೆ ಹೊಳೆಯಲಿಲ್ಲ. 'ಭಾಷೆ' ಹತ್ತು ಸಲ ಬರೆದುಕೊಂಡು ಬನ್ನಿ ಎಂದೆ.